ಥಾಯ್ ಪೌರತ್ವ ಸಿಕ್ಕಿತು, ಹಳೇ ಪಾಸ್‌ಪೋರ್ಟ್ ಏನು ಮಾಡೋದು?

ಬ್ಯಾಂಕಾಕಿನಲ್ಲಿ ಹತ್ತು ಹದಿನೈದು ವರ್ಷದಿಂದ ನೆಲೆಸಿರುವ ವಿದೇಶಿಯರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಥಾಯ್ ಪೌರತ್ವ ಸಿಕ್ಕಿದ ಮೇಲೆ ಹಳೇ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ, ಬಿಡಬೇಕಾ? ಒಬ್ಬರು "ಎರಡೂ ಇಟ್ಕೊಳ್ಳಿ, ಯಾರೂ ಕೇಳಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಸಿಕ್ಕಿಬಿದ್ದರೆ ಸಿಕ್ಕಿದ ಪೌರತ್ವವೂ ಹೋಗುತ್ತೆ" ಅಂತ ಹೆದರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಉತ್ತರದ ಅರ್ಧ ಭಾಗ ಮಾತ್ರ ಥಾಯ್ ಕಾನೂನಿನಲ್ಲಿದೆ, ಅದೂ ನೀವು ಯಾವ ದಾರಿಯಲ್ಲಿ ಥಾಯ್ ಆದಿರಿ ಅನ್ನೋದರ ಮೇಲೆ ಬದಲಾಗುತ್ತದೆ. ಉಳಿದರ್ಧ ನೀವು ಎಲ್ಲಿಂದ ಬಂದಿರೋ ಆ ದೇಶದ ಕಾನೂನಿನಲ್ಲಿದೆ. ಹಾಗಾಗಿ ಪಕ್ಕದ ಮನೆಯ ಬ್ರಿಟಿಷ್ ಗೆಳೆಯ ಕೊಟ್ಟ ಸಲಹೆಯನ್ನು ಕನ್ನಡಿಗನೊಬ್ಬ ಹಾಗೇ ಪಾಲಿಸಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಈ ಲೇಖನ ಬರೆಯೋಕೆ ಮುಖ್ಯ ಕಾರಣ ಅದೇ.

ಮೊದಲು, ಇಷ್ಟು ಕಷ್ಟಪಟ್ಟು ಥಾಯ್ಲೆಂಡಿನ ಪೌರತ್ವ ಯಾಕೆ ಬೇಕು ಅಂತ ನೋಡೋಣ. ಸುಮ್ನೆ ಸುತ್ತಾಡಿ ಬರುವವರಿಗೆ ಥಾಯ್ಲೆಂಡಿನಷ್ಟು ಸಲೀಸಾದ ದೇಶ ಇನ್ನೊಂದಿಲ್ಲ ಅನ್ನಿಸುತ್ತದೆ. 2024ರ ಜುಲೈನಲ್ಲಿ ಭಾರತವೂ ಸೇರಿ 93 ಕಡೆಯವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿದ್ದರು. ಅಲ್ಲೇ ಬದುಕುವವರ ಕಥೆ ಬೇರೆ. ಹೆಂಡತಿ ಥಾಯ್, ಮಕ್ಕಳು ಥಾಯ್, ಕೆಲಸ ಅಲ್ಲೇ, ಆದರೂ ವರ್ಷಕ್ಕೊಮ್ಮೆ 1,900 ಬಹ್ತ್ ಕಟ್ಟಿ, ಕಾಗದದ ಕಟ್ಟು ಹೊತ್ತು, ವಾಸದ ಅವಧಿ ಮುಂದುವರಿಸಿಕೊಳ್ಳಬೇಕು. ಥಾಯ್ ಹೆಂಡತಿ ಇದ್ದಾಳೆ ಅನ್ನುವ ಆಧಾರದ ಮೇಲೆ ಇರುವವರು ಬ್ಯಾಂಕಿನಲ್ಲಿ 4 ಲಕ್ಷ ಬಹ್ತ್ ಅಥವಾ ತಿಂಗಳಿಗೆ 40,000 ಬಹ್ತ್ ಆದಾಯ ತೋರಿಸಬೇಕು. ನಿವೃತ್ತಿ ಹೆಸರಲ್ಲಿ ಇರುವವರು ಬ್ಯಾಂಕಿನಲ್ಲಿ ಹಣ ಇಟ್ಟು ತೋರಿಸುವುದಾದರೆ 8 ಲಕ್ಷ. ಇದರ ಮಧ್ಯೆ 90 ದಿನಕ್ಕೊಮ್ಮೆ "ನಾನು ಇದೇ ವಿಳಾಸದಲ್ಲಿದ್ದೇನೆ" ಅಂತ ವಲಸೆ ಇಲಾಖೆಗೆ ತಿಳಿಸಬೇಕು. ಮರೆತರೆ 2,000 ಬಹ್ತ್ ದಂಡ. ವಿದೇಶಿ ಬಂದು ಉಳಿದರೆ ಮನೆಯ ಮಾಲೀಕರು 24 ಗಂಟೆಯೊಳಗೆ ಟಿಎಂ 30 ಫಾರಂ ತುಂಬಬೇಕು. ಆ ಮಾಲೀಕರು ಸ್ವಂತ ಹೆಂಡತಿಯೇ ಆಗಿದ್ದರೂ ಸರಿ. ಊರಿಗೆ ಹೋಗಿ ಬರಬೇಕು ಅಂದರೆ ಮೊದಲೇ ಮರುಪ್ರವೇಶದ ಅನುಮತಿ ತೆಗೆದುಕೊಳ್ಳಬೇಕು, ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲವಾದರೂ ಓಡಾಡಲು 3,800. ಅದನ್ನು ಮರೆತು ವಿಮಾನ ಹತ್ತಿದಿರೋ, ವರ್ಷವಿಡೀ ಅಲೆದು ಪಡೆದ ವಾಸದ ಅನುಮತಿ ಅಲ್ಲಿಗೇ ರದ್ದು.

ಕೆಲಸದ ಪರವಾನಗಿ ಇನ್ನೊಂದು ತಲೆನೋವು. ನೌಕರಿ ಹೋದರೆ ಪರವಾನಗಿ ಹೋಗುತ್ತದೆ, ಅದರ ಹಿಂದೆ ವೀಸಾನೂ ಹೋಗುತ್ತದೆ. ಕ್ಷೌರ, ಥಾಯ್ ಮಸಾಜ್, ಪ್ರವಾಸಿ ಗೈಡ್, ಬೀದಿ ವ್ಯಾಪಾರದಂಥ ಕೆಲಸಗಳನ್ನು ವಿದೇಶಿಯರು ಮಾಡುವಂತೆಯೇ ಇಲ್ಲ. ಅವು ಥಾಯ್ ಜನರಿಗೇ ಮೀಸಲು.

ಆದರೆ ಜನರನ್ನು ಪೌರತ್ವದ ಕಡೆ ತಳ್ಳುವುದು ಬಹಳ ಸಲ ಜಮೀನು. ವಿದೇಶಿಯರಿಗೆ ಥಾಯ್ಲೆಂಡಿನಲ್ಲಿ ಭೂಮಿ ಸಿಗುವುದಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಅದೂ ಆ ಕಟ್ಟಡದ ಒಟ್ಟು ಜಾಗದ ಶೇ. 49ರ ಮಿತಿಯೊಳಗೆ. ಮನೆ ಕಟ್ಟಬೇಕು ಅಂದರೆ ಜಾಗ ಹೆಂಡತಿಯ ಹೆಸರಲ್ಲೇ ಆಗಬೇಕು. 1999ಕ್ಕೆ ಮುಂಚೆ ಅದೂ ಕಷ್ಟವಿತ್ತು, ವಿದೇಶಿಯನ್ನು ಮದುವೆಯಾದ ಥಾಯ್ ಹೆಣ್ಣುಮಗಳಿಗೆ ಭೂಮಿ ನೋಂದಣಿ ಮಾಡಿಕೊಡುತ್ತಿರಲಿಲ್ಲ. ಈಗ ಮಾಡಿಕೊಡುತ್ತಾರೆ, ಆದರೆ ಗಂಡ ಭೂ ಕಚೇರಿಗೆ ಬಂದು, ಇದನ್ನು ಕೊಂಡ ಹಣ ಪೂರ್ತಿ ಹೆಂಡತಿಯ ಸ್ವಂತದ್ದು, ಇದರಲ್ಲಿ ನನ್ನ ಪಾಲಿಲ್ಲ ಅಂತ ಸಹಿ ಹಾಕಬೇಕು. ಇಪ್ಪತ್ತು ವರ್ಷ ದುಡಿದ ಹಣ ಸುರಿದ ಮನುಷ್ಯ ಅಧಿಕಾರಿಯ ಮುಂದೆ ಕೂತು "ಇದು ನನ್ನದಲ್ಲ" ಅಂತ ಬರೆದುಕೊಡುವುದು. ಸಂಸಾರ ಚೆನ್ನಾಗಿರುವವರೆಗೂ ಅದು ಬರೀ ಕಾಗದ. ಹೆಂಡತಿ ತೀರಿಕೊಂಡರೆ ಅಥವಾ ಬೇರೆಯಾದರೆ ಅದೇ ಕಾಗದ ಅವನನ್ನು ಮನೆಯಿಂದ ಹೊರಗೆ ನಿಲ್ಲಿಸಬಹುದು. ಪೌರತ್ವ ಸಿಕ್ಕವನಿಗೆ ಈ ಸಹಿಯೇ ಬೇಡ.

ಇಷ್ಟಾದರೂ ಅರ್ಜಿ ಹಾಕುವವರು ಕಡಿಮೆ, ದಾರಿ ಉದ್ದ. ಈಗ ನಡೆಯುತ್ತಿರುವುದು 1965ರ ರಾಷ್ಟ್ರೀಯತಾ ಕಾಯ್ದೆ, ಆಮೇಲೆ ಹಲವು ಸಲ ತಿದ್ದಿದ್ದಾರೆ. ಅದರ ಸೆಕ್ಷನ್ 10 ಕೇಳುವುದು ಪ್ರಾಯ, ಒಳ್ಳೆಯ ನಡತೆ, ಖಾಯಂ ಉದ್ಯೋಗ, ಸತತ ಐದು ವರ್ಷ ವಾಸ, ಥಾಯ್ ಭಾಷೆಯ ಜ್ಞಾನ. ಥಾಯ್ ಹೆಂಗಸಿನ ಗಂಡನಿಗೆ 2008ರ ತಿದ್ದುಪಡಿಯಿಂದ ಐದು ವರ್ಷದ ವಾಸ ಮತ್ತು ಭಾಷೆಯ ಷರತ್ತಿನಿಂದ ವಿನಾಯಿತಿ ಇದೆ, ಅದು ಸೆಕ್ಷನ್ 11. ಆದರೆ ಮೂರು ವರ್ಷ ಕೆಲಸದ ಪರವಾನಗಿ ಇಟ್ಟುಕೊಂಡು ತೆರಿಗೆ ಕಟ್ಟಿರಬೇಕು, ತಿಂಗಳಿಗೆ 40,000 ಬಹ್ತ್ ಸಂಬಳ ಇರಬೇಕು. ಥಾಯ್ ಸಂಸಾರ ಇಲ್ಲದವರಿಗೆ ಆ ಸಂಬಳ 80,000. ಬ್ಯಾಂಕಾಕಿನಲ್ಲಿ ಅರ್ಜಿ ನೋಡುವುದು ಪೊಲೀಸರ ವಿಶೇಷ ಶಾಖೆ, ರಾಮ 1 ರಸ್ತೆಯ ಪೊಲೀಸ್ ಕೇಂದ್ರ ಕಚೇರಿಯಲ್ಲಿ. ಅಂಕ ಕೊಡುತ್ತಾರೆ, ಪೂರ್ವಾಪರ ವಿಚಾರಿಸುತ್ತಾರೆ, ಭಾಷೆಯ ವಿನಾಯಿತಿ ಇಲ್ಲದವರು ರಾಷ್ಟ್ರಗೀತೆ ಮತ್ತು ರಾಜಗೀತೆ ಎರಡನ್ನೂ ಹಾಡಿ ತೋರಿಸಬೇಕು. ಐವತ್ತು ದಾಟಿದ, ಯಾವತ್ತೂ ಬಾತ್‌ರೂಮಿನ ಆಚೆ ಹಾಡದ ಎಂಜಿನಿಯರುಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಆಮೇಲೆ ಒಳಾಡಳಿತ ಸಚಿವಾಲಯ, ಮಂತ್ರಿ, ರಾಜರ ಒಪ್ಪಿಗೆ, ನಿಷ್ಠೆಯ ಪ್ರಮಾಣ. ಕೊನೆಗೆ ರಾಜ ಗೆಜೆಟ್‌ನಲ್ಲಿ ಹೆಸರು ಅಚ್ಚಾಗಬೇಕು. ಅಚ್ಚಾದ ಮೇಲೇ ಪೌರತ್ವ. ಎಲ್ಲ ಸೇರಿ ವರ್ಷಗಟ್ಟಲೆ ಹಿಡಿಯುತ್ತದೆ.

ಥಾಯ್ ಗಂಡಸನ್ನು ಮದುವೆಯಾದ ವಿದೇಶಿ ಹೆಣ್ಣಿಗೆ ದಾರಿ ಬೇರೆ. ಸೆಕ್ಷನ್ 9ರ ಪ್ರಕಾರ ಅವಳು ಗಂಡನ ಮೂಲಕ ನೇರವಾಗಿ ಪೌರತ್ವ ಕೇಳಬಹುದು. ಕೆಲಸದ ಪರವಾನಗಿ ಬೇಡ, ಭಾಷೆಯ ಪರೀಕ್ಷೆ ಬೇಡ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಎರಡು ಪಾಸ್‌ಪೋರ್ಟಿನ ವಿಷಯದಲ್ಲಿ ಇದೇ ದೊಡ್ಡದು.

ಥಾಯ್ ಕಾನೂನು ಎರಡು ಪೌರತ್ವವನ್ನು ನೇರವಾಗಿ ನಿಷೇಧಿಸುವುದೂ ಇಲ್ಲ, ಬಾಯಿ ಬಿಟ್ಟು ಒಪ್ಪುವುದೂ ಇಲ್ಲ. ಬದಲಿಗೆ ಯಾರದ್ದನ್ನು ಯಾವಾಗ ಕಿತ್ತುಕೊಳ್ಳಬಹುದು ಅಂತ ಹೇಳುತ್ತದೆ. ಸೆಕ್ಷನ್ 10 ಅಥವಾ 11ರ ದಾರಿಯಲ್ಲಿ ಅರ್ಜಿ ಹಾಕಿ ಪೌರತ್ವ ಪಡೆದವರಿಗೆ ಸೆಕ್ಷನ್ 19 ಇದೆ. ಹಳೇ ರಾಷ್ಟ್ರೀಯತೆಯನ್ನು ಇನ್ನೂ ಬಳಸುತ್ತಿರುವುದಕ್ಕೆ ಸಾಕ್ಷಿ ಇದ್ದರೆ ಮಂತ್ರಿ ಪೌರತ್ವ ರದ್ದು ಮಾಡಬಹುದು. ಥಾಯ್ಲೆಂಡಿನಲ್ಲಿ ನೆಲೆ ಇಲ್ಲದೆ ಐದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದರೂ ಅಷ್ಟೇ. ಮದುವೆಯ ಮೂಲಕ ಪೌರತ್ವ ಪಡೆದ ಹೆಣ್ಣುಮಕ್ಕಳ ಪೌರತ್ವ ರದ್ದತಿಗೆ ಇರುವುದು ಸೆಕ್ಷನ್ 16, ಅದರಲ್ಲಿ ಹಳೇ ರಾಷ್ಟ್ರೀಯತೆ ಬಳಸಬಾರದು ಅನ್ನುವ ಮಾತೇ ಇಲ್ಲ. ಸತ್ಯ ಮುಚ್ಚಿಟ್ಟು ಮದುವೆಯಾಗಿದ್ದರೆ, ದೇಶದ ಭದ್ರತೆಗೆ ಧಕ್ಕೆ ತಂದರೆ, ದೇಶವನ್ನು ಅವಮಾನಿಸಿದರೆ, ಇಂಥ ಕಾರಣಗಳು ಮಾತ್ರ. ಅಂದರೆ ಒಂದೇ ಊರಿನಿಂದ ಬಂದ ಅಣ್ಣ ತಂಗಿ, ಇಬ್ಬರೂ ಥಾಯ್ ಸಂಗಾತಿಯನ್ನು ಮದುವೆಯಾಗಿ, ಇಬ್ಬರೂ ಎರಡು ಪಾಸ್‌ಪೋರ್ಟ್ ಇಟ್ಟುಕೊಂಡರೆ, ತಂಗಿ ನಿಶ್ಚಿಂತೆ, ಅಣ್ಣನ ತಲೆಯ ಮೇಲೆ ಕತ್ತಿ.

ಹುಟ್ಟಾ ಥಾಯ್ ಆದವರಿಗೆ ಇನ್ನೂ ಸಲೀಸು. ಪ್ರಧಾನಿಯಾಗಿದ್ದ ಅಭಿಸಿತ್ ವೆಚ್ಚಾಚೀವ 1964ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಬ್ರಿಟಿಷ್ ಪೌರತ್ವವನ್ನು ತಾನು ಬಿಟ್ಟುಕೊಟ್ಟಿಲ್ಲ ಅಂತ 2011ರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡರು. ಕುರ್ಚಿಗೆ ಏನೂ ಆಗಲಿಲ್ಲ. ದೇಶಬಿಟ್ಟಿದ್ದ ಮಾಜಿ ಪ್ರಧಾನಿ ತಕ್ಸಿನ್ ಶಿನವಾತ್ರ 2009ರಲ್ಲಿ ಮಾಂಟೆನೆಗ್ರೊ ಪಾಸ್‌ಪೋರ್ಟ್ ಪಡೆದ ಸುದ್ದಿ ಜಗತ್ತಿಗೇ ಗೊತ್ತಾಯಿತು. 2023ರ ಆಗಸ್ಟಿನಲ್ಲಿ ವಾಪಸ್ ಬಂದಾಗ ಕೇಸುಗಳ ಮಾತು ನಡೆಯಿತೇ ಹೊರತು ಅವರು ಥಾಯ್ ಹೌದೋ ಅಲ್ಲವೋ ಅನ್ನುವ ಮಾತಲ್ಲ. ಬೇರೆ ದೇಶದ ಪೌರತ್ವ ಪಡೆದ ಥಾಯ್ ಪ್ರಜೆ ತನ್ನ ರಾಷ್ಟ್ರೀಯತೆ ಕಳೆದುಕೊಳ್ಳುತ್ತಾನೆ ಅಂತ ಸೆಕ್ಷನ್ 22 ಹೇಳುತ್ತದೆ. ಆದರೆ ಅದೂ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೇ ಜಾರಿ.

ಹಾಗಾದರೆ ಸೆಕ್ಷನ್ 19ರ "ಬಳಸುವುದು" ಅಂದರೆ ಏನು? ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಬಳಸಿದಂತಾ, ಲಂಡನ್ನಿನಲ್ಲಿ ಇಳಿದು ತೋರಿಸಿದರೆ ಬಳಸಿದಂತಾ, ಥಾಯ್ಲೆಂಡಿನ ಒಳಗೆ ತೋರಿಸಿದರೆ ಮಾತ್ರವಾ? ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಅರ್ಜಿ ಹಾಕುವಾಗಲೇ ಹಳೇ ಪೌರತ್ವ ಬಿಡುವ ಉದ್ದೇಶವಿದೆ ಅಂತ ಬರೆಸಿಕೊಳ್ಳುತ್ತಾರೆ. ಬಂದ ತಿಂಗಳಿಗೇ ಯಾರೂ ಬೆನ್ನು ಹತ್ತಿ "ಬಿಟ್ಟಿರಾ?" ಅಂತ ಕೇಳುತ್ತಾ ಕೂರುವುದಿಲ್ಲ, ಹಾಗಾಗಿ ಎರಡನ್ನೂ ಇಟ್ಟುಕೊಂಡು ಓಡಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಈ ಮಸುಕು ಬೇಕಂತಲೇ ಉಳಿದಿದೆ. ದಿನಾ ಜಾರಿ ಮಾಡುವ ನಿಯಮವಲ್ಲ ಇದು, ಬೇಕಾದಾಗ ಹೊರತೆಗೆಯಲು ಇಟ್ಟುಕೊಂಡ ಅಧಿಕಾರ. ವ್ಯಾಪಾರದಲ್ಲಿ ಜಗಳ ಬಂದು, ದೊಡ್ಡವರ ಕೆಂಗಣ್ಣಿಗೆ ಬಿದ್ದು, ರಾಜಕೀಯದ ಮಾತಾಡಿ ಸಿಕ್ಕಿಹಾಕಿಕೊಂಡ ದಿನ ಸೆಕ್ಷನ್ 19 ನೆನಪಾಗಬಹುದು. ಅಲ್ಲಿಯವರೆಗೂ ಅದು ಪುಸ್ತಕದಲ್ಲಿರುತ್ತದೆ.

ಇನ್ನು ಹಳೇ ದೇಶದ ಕಡೆಯಿಂದ ನೋಡಿ. ಥಾಯ್ ಕಚೇರಿಯಲ್ಲಿ "ಬಿಡುತ್ತೇನೆ" ಅಂತ ಸಹಿ ಹಾಕಿದ ಮಾತ್ರಕ್ಕೆ ಬ್ರಿಟಿಷ್ ಪೌರತ್ವ ಹೋಗುವುದಿಲ್ಲ. 1981ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಅವರದೇ ಗೃಹ ಇಲಾಖೆಗೆ ಘೋಷಣೆ ಕೊಟ್ಟು, ಅವರು ಅದನ್ನು ನೋಂದಾಯಿಸಬೇಕು. ಅಮೆರಿಕದವರೂ ಹಾಗೆ, ತಾನಾಗಿ ಬಿಡುವ ಮನಸ್ಸು ಇಲ್ಲದೆ ಪೌರತ್ವ ಹೋಗುವುದಿಲ್ಲ. ಆಸ್ಟ್ರೇಲಿಯಾ 2002ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಜರ್ಮನಿ ತೆರೆದಿದ್ದು ಮೊನ್ನೆ ಮೊನ್ನೆ, 2024ರ ಜೂನ್ 27ಕ್ಕೆ. ಅದಕ್ಕೂ ಮುಂಚೆ ಥಾಯ್ ಆದ ಜರ್ಮನ್ನರು ಮೊದಲೇ ಅನುಮತಿ ಪಡೆಯದಿದ್ದರೆ ಜರ್ಮನ್ ಪೌರತ್ವ ಕಳೆದುಕೊಳ್ಳುತ್ತಿದ್ದರು. ಜಪಾನ್, ಚೀನಾ, ಸಿಂಗಪುರ ಇವತ್ತಿಗೂ ಒಪ್ಪುವುದಿಲ್ಲ. ಭಾರತವೂ ಒಪ್ಪುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನ್ನೂ ಇಟ್ಟುಕೊಂಡವರು ವಿಮಾನ ನಿಲ್ದಾಣದಲ್ಲಿ ಹೇಗೆ ನಿಭಾಯಿಸುತ್ತಾರೆ? ಮೂಲ ಸೂತ್ರ ಒಂದೇ. ಥಾಯ್ಲೆಂಡಿಗೆ ಒಳಬರಲು, ಹೊರಹೋಗಲು ಥಾಯ್ ಪಾಸ್‌ಪೋರ್ಟ್. ಆ ಕಡೆಯ ದೇಶದಲ್ಲಿ ಆ ದೇಶದ್ದು. ಬ್ಯಾಂಕಾಕಿನಿಂದ ಲಂಡನ್ನಿಗೆ ಹೊರಟ ಒಬ್ಬ ಥಾಯ್-ಬ್ರಿಟಿಷ್ ಮನುಷ್ಯನನ್ನು ತೆಗೆದುಕೊಳ್ಳಿ. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ವಿಮಾನ ಕಂಪನಿಯವರಿಗೆ ಬೇಕಾಗಿರುವುದು ಒಂದೇ ಸಮಾಧಾನ: ಇವನನ್ನು ಲಂಡನ್ನಿನಲ್ಲಿ ಇಳಿಸಿಕೊಳ್ಳುತ್ತಾರಾ? ಥಾಯ್ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಬೇಕೇ ಬೇಕು. ಹಾಗಾಗಿ ಅಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸುತ್ತಾನೆ. ಮುಂದಿನ ವಲಸೆ ತಪಾಸಣೆಯಲ್ಲಿ ಥಾಯ್ ಪಾಸ್‌ಪೋರ್ಟ್, ಥಾಯ್ ಜನರಿಗಿರುವ ತಾನಾಗಿ ತೆರೆಯುವ ಗೇಟಿನಲ್ಲಿ ಇಟ್ಟು ಹೊರಗೆ. ಲಂಡನ್ನಿನಲ್ಲಿ ಮತ್ತೆ ಬ್ರಿಟಿಷ್. ವಾಪಸ್ ಬರುವಾಗ ಲಂಡನ್ ಕೌಂಟರಿನಲ್ಲಿ ಥಾಯ್ ತೋರಿಸಬೇಕು. ಇಲ್ಲದಿದ್ದರೆ "ನಿಮ್ಮ ಥಾಯ್ ವೀಸಾ ಎಲ್ಲಿ, ಹಿಂದಿರುಗುವ ಟಿಕೆಟ್ ಎಲ್ಲಿ" ಅಂತ ಶುರುವಾಗುತ್ತದೆ. ವಿದೇಶಿಯರು 2025ರ ಮೇ 1ರಿಂದ ತುಂಬಬೇಕಾಗಿರುವ ಡಿಜಿಟಲ್ ಆಗಮನ ಕಾರ್ಡೂ ಥಾಯ್ ಪಾಸ್‌ಪೋರ್ಟಲ್ಲಿ ಬರುವವನಿಗೆ ಬೇಡ.

ಎಡವುವುದು ಇಲ್ಲೇ, ಅಭ್ಯಾಸಬಲದಿಂದ. ನಿದ್ದೆಗಣ್ಣಲ್ಲಿ ಬಂದಿಳಿದು ಹಳೇ ಪಾಸ್‌ಪೋರ್ಟನ್ನೇ ಕೊಟ್ಟುಬಿಟ್ಟರೆ, ಆ ಪ್ರವಾಸದ ಲೆಕ್ಕದಲ್ಲಿ ಅವನು ವಿದೇಶಿಯಾಗಿ ಒಳಬಂದ ಹಾಗಾಯಿತು. ಇರಲು ಕೊಟ್ಟ ದಿನಗಳು ಮುಗಿದ ಮೇಲೆ ಥಾಯ್ ಪಾಸ್‌ಪೋರ್ಟ್ ಹಿಡಿದು ಹೊರಟರೆ, ಒಳಬಂದ ವಿದೇಶಿ ಹೊರಗೆ ಹೋದ ದಾಖಲೆಯೇ ಇರುವುದಿಲ್ಲ. ಅವಧಿ ಮೀರಿದ ಪ್ರತಿ ದಿನಕ್ಕೆ 500 ಬಹ್ತ್, ಗರಿಷ್ಠ 20,000 ಅನ್ನುವ ದಂಡದ ಮಾತು ಬರುತ್ತದೆ. ಸೆಕ್ಷನ್ 19 ಇರುವವನಿಗೆ ದಂಡಕ್ಕಿಂತ ದೊಡ್ಡ ಚಿಂತೆ ಬೇರೆ. ಹಳೇ ರಾಷ್ಟ್ರೀಯತೆಯನ್ನು ಬಳಸಿದ್ದಕ್ಕೆ ಸಾಕ್ಷಿಯನ್ನು ಥಾಯ್ ಸರ್ಕಾರದ ಕಂಪ್ಯೂಟರಿಗೆ ತಾನೇ ಬರೆದುಕೊಟ್ಟ ಹಾಗಾಯಿತು, ಅಲ್ವಾ?

ನೆಲದ ಗಡಿಗಳಲ್ಲಿ ಈ ಅದಲುಬದಲು ಕಷ್ಟ. ಲಾವೋಸ್ ಕಡೆಯ ಗಡಿಯಲ್ಲಿ ಸೇತುವೆಯ ಈಚೆ ಒಂದು ಕಿಟಕಿ, ಆಚೆ ಒಂದು ಕಿಟಕಿ. ಈಚೆ ಬಿದ್ದ ನಿರ್ಗಮನದ ಮುದ್ರೆಯನ್ನು ಆಚೆಯವರು ಹುಡುಕುತ್ತಾರೆ. ಅಂಥ ಕಡೆ ಒಂದೇ ಪಾಸ್‌ಪೋರ್ಟಲ್ಲಿ ಹೋಗಿ ಬರುವುದು ವಾಸಿ. ಅಕ್ಕಪಕ್ಕದ ದೇಶಗಳಿಗೆ ಥಾಯ್ ಪಾಸ್‌ಪೋರ್ಟೇ ಧಾರಾಳ ಸಾಕು.

ಹೆಸರಿನ ಗೊಂದಲ ಇನ್ನೂ ತಮಾಷೆಯಾಗಿದೆ, ಅನುಭವಿಸುವವರಿಗಲ್ಲ. ಥಾಯ್ ಆಗುವಾಗ ಅನೇಕರು ಥಾಯ್ ಹೆಸರು, ಉಪನಾಮ ಇಟ್ಟುಕೊಳ್ಳುತ್ತಾರೆ. ಆರನೇ ರಾಮ ರಾಜ ವಜಿರಾವುಧ್ 1913ರಲ್ಲಿ ಎಲ್ಲರೂ ಉಪನಾಮ ಇಟ್ಟುಕೊಳ್ಳಬೇಕು ಅಂತ ಕಾನೂನು ತಂದರು. ಹೊಸದಾಗಿ ಇಟ್ಟುಕೊಳ್ಳುವ ಉಪನಾಮ ಬೇರೆ ಮನೆತನದ್ದಾಗಿರಬಾರದು. ಹೀಗಾಗಿ ತಡವಾಗಿ ಬಂದವರ ಉಪನಾಮಗಳು ಮಾರುದ್ದ. ಬ್ಯಾಂಕಾಕಿನ ಫಾಹುರತ್ ಬಟ್ಟೆ ಮಾರುಕಟ್ಟೆಯ ಸಿಖ್ ಕುಟುಂಬಗಳಲ್ಲೂ ಇಂಥ ಉದ್ದನೆಯ ಥಾಯ್ ಉಪನಾಮ ಕಾಣಬಹುದು. ಮನೆಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಒಂದು. ಈಗ ಎರಡು ಪಾಸ್‌ಪೋರ್ಟಿನಲ್ಲಿ ಎರಡು ಹೆಸರಿದ್ದರೆ ವಿಮಾನದ ಟಿಕೆಟ್ ಯಾವ ಹೆಸರಲ್ಲಿ? ಬ್ರಿಟನ್ನಿನ ಪಾಸ್‌ಪೋರ್ಟ್ ಕಚೇರಿಯಂತೂ ಎರಡರಲ್ಲೂ ಒಂದೇ ಹೆಸರಿರಬೇಕು ಅಂತ ಹಟ ಹಿಡಿಯುತ್ತದೆ. ಬುದ್ಧಿವಂತರು ಇದ್ದ ಹೆಸರನ್ನೇ ಥಾಯ್ ಲಿಪಿಯಲ್ಲಿ ಬರೆಸಿ ಉಳಿಸಿಕೊಳ್ಳಲು ನೋಡುತ್ತಾರೆ.

ಪೌರತ್ವ ಬಂದ ಮೇಲೆ ದಿನದ ಬದುಕು ಎಷ್ಟು ಬದಲಾಗುತ್ತದೆ ಅಂದರೆ, ಮೊದಲು ಬದಲಾಗುವುದು ಒಂದು ಪುಸ್ತಕದ ಬಣ್ಣ. ಮನೆ ನೋಂದಣಿ ಪುಸ್ತಕ ವಿದೇಶಿಯರಿಗೆ ಹಳದಿ, ಥಾಯ್ ಪ್ರಜೆಗಳಿಗೆ ನೀಲಿ. ಗೆಜೆಟ್ ಪ್ರತಿ ಹಿಡಿದು ಜಿಲ್ಲಾ ಕಚೇರಿಗೆ ಹೋಗಿ ನೀಲಿ ಪುಸ್ತಕದಲ್ಲಿ ಹೆಸರು ಸೇರಿಸಿಕೊಂಡರೆ 13 ಅಂಕಿಯ ಗುರುತಿನ ಚೀಟಿ ಸಿಗುತ್ತದೆ. ಎಂಟು ವರ್ಷ ನಡೆಯುತ್ತದೆ. ಪಾಸ್‌ಪೋರ್ಟಿಗಿಂತ ಈ ಚೀಟಿಯೇ ದೊಡ್ಡದು ಅಂತ ಪಡೆದವರೆಲ್ಲ ಹೇಳುತ್ತಾರೆ. 90 ದಿನದ ವರದಿ ಇಲ್ಲ, ಟಿಎಂ 30 ಇಲ್ಲ, ಪರವಾನಗಿ ಇಲ್ಲದೆ ಯಾವ ಕೆಲಸವನ್ನಾದರೂ ಮಾಡಬಹುದು. ಕಂಪನಿ ತೆರೆಯಲು ಪಾಲುದಾರರಾಗಿ ಥಾಯ್ ಹೆಸರುಗಳನ್ನು ಹುಡುಕಬೇಕಿಲ್ಲ. 2020ರಲ್ಲಿ ಸರ್ಕಾರ ಅರ್ಧ ದುಡ್ಡು ತಾನು ಕೊಡುವ 'ಖೋನ್ ಲ ಖ್ರುಂಗ್' ಯೋಜನೆ ತಂದಾಗ ಬೀದಿ ಬದಿಯ ಅನ್ನಕ್ಕೂ ರಿಯಾಯಿತಿ ಸಿಕ್ಕಿದ್ದು ಈ ಚೀಟಿ ಇದ್ದವರಿಗೇ. ರಾಷ್ಟ್ರೀಯ ಉದ್ಯಾನಗಳಲ್ಲಿ ವಿದೇಶಿಯರಿಗೆ ಹಲವು ಪಟ್ಟು ಟಿಕೆಟ್ ದರ ಇರುವುದನ್ನು ನೋಡಿರಬಹುದು. ಚೀಟಿ ತೋರಿಸಿದರೆ ಅದೂ ಇಳಿಯುತ್ತದೆ, ಮುಖ ನೋಡಿ ಕೌಂಟರಿನವರು ಎರಡು ಸಲ ಚೀಟಿ ತಿರುಗಿಸಿ ನೋಡಿದ ಮೇಲೆ.

ತೆರಿಗೆ ಮಾತ್ರ ಬದಲಾಗುವುದಿಲ್ಲ. ವರ್ಷಕ್ಕೆ 180 ದಿನ ಅಲ್ಲಿದ್ದರೆ ಥಾಯ್ ಪ್ರಜೆಯಾದರೂ ವಿದೇಶಿಯಾದರೂ ತೆರಿಗೆಯ ಲೆಕ್ಕದಲ್ಲಿ ನಿವಾಸಿಯೇ. 2024ರ ಆರಂಭದಿಂದ ಹೊರದೇಶದಲ್ಲಿ ಗಳಿಸಿ ಒಳತರುವ ಹಣದ ನಿಯಮ ಬಿಗಿಯಾಗಿದ್ದೂ ಇಬ್ಬರಿಗೂ. ಮತದಾನಕ್ಕೆ ಪೌರತ್ವ ಸಿಕ್ಕಿ ಐದು ವರ್ಷ ಕಾಯಬೇಕು. ಸಂಸತ್ತಿನ ಚುನಾವಣೆಗೆ ನಿಲ್ಲುವ ಹಕ್ಕು ಹುಟ್ಟಾ ಥಾಯ್ ಆದವರಿಗೆ ಮಾತ್ರ.

ಈಗ ನಮ್ಮವರ ವಿಷಯ. ಬ್ಯಾಂಕಾಕಿನಲ್ಲಿ ಭಾರತೀಯರು ಹೊಸಬರಲ್ಲ. ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿ ತಮಿಳರು ಕಟ್ಟಿದ್ದು 19ನೇ ಶತಮಾನದಲ್ಲಿ. ಇವತ್ತು ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆ ಹಾರಿದರೆ ಬ್ಯಾಂಕಾಕ್. ಕೆಲಸಕ್ಕೆ ಹೋದವರು, ಅಲ್ಲೇ ಮದುವೆಯಾದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಸೆಕ್ಷನ್ 19ರ ಮಸುಕಿನ ಚರ್ಚೆಯೇ ಬೇಡ. ನಮ್ಮ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಸೆಕ್ಷನ್ 9 ಬಹಳ ಸ್ಪಷ್ಟ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ್ದು ಹೋಯಿತು. ಯಾರೂ ಆದೇಶ ಹೊರಡಿಸಬೇಕಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಅದಕ್ಕೆ ಖಚಿತ ಸಾಕ್ಷಿ ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಎತ್ತಿಹಿಡಿದಿದೆ. ಬ್ರಿಟಿಷ್ ಗೆಳೆಯನ ಎರಡನೇ ಪಾಸ್‌ಪೋರ್ಟ್ ಜೀವಂತ ಪಾಸ್‌ಪೋರ್ಟ್. ನಮ್ಮದು, ಇನ್ನೂ ಏಳು ವರ್ಷ ಅವಧಿ ಉಳಿದಿದ್ದರೂ, ಥಾಯ್ ಗೆಜೆಟ್ ಬಂದ ದಿನವೇ ಸತ್ತಿರುತ್ತದೆ. ಅದನ್ನು ಹಿಡಿದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ.

"ಭಾರತಕ್ಕೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳುವವರಿದ್ದಾರೆ. ಇವತ್ತು ಗೊತ್ತಾಗದೇ ಇರಬಹುದು. ಆದರೆ ಮುಂದೊಂದು ದಿನ, ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಬೇಕಾದಾಗ ಥಾಯ್ ಪೌರತ್ವ ಯಾವ ದಿನಾಂಕಕ್ಕೆ ಬಂತು ಅಂತ ದಾಖಲೆ ಸಮೇತ ನೀವೇ ಹೇಳಬೇಕು. ಆ ದಿನಾಂಕದ ಆಚೆಗೆ ಹಳೇ ಪಾಸ್‌ಪೋರ್ಟಲ್ಲಿ ಬಿದ್ದ ಒಂದೊಂದು ಮುದ್ರೆಗೂ ಆಗ ಲೆಕ್ಕ ಕೊಡಬೇಕಾಗುತ್ತದೆ. ಸರಿಯಾದ ಕ್ರಮ ಹೀಗಿದೆ. ಥಾಯ್ ಪೌರತ್ವ ಪೂರ್ತಿ ಕೈಗೆ ಬರುವ ತನಕ ಭಾರತದ್ದನ್ನು ಬಿಡಬಾರದು, ಬಿಟ್ಟರೆ ಮಧ್ಯೆ ಯಾವ ದೇಶಕ್ಕೂ ಸೇರದೆ ನಿಲ್ಲುತ್ತೀರಿ. ಬಂದ ಮೇಲೆ ತಡ ಮಾಡದೆ ಸುಖುಮ್ವಿತ್ ರಸ್ತೆಯ 23ನೇ ಸೋಯಿಯಲ್ಲಿ, ಅಂದರೆ ಅಡ್ಡರಸ್ತೆಯಲ್ಲಿ, ಇರುವ ಭಾರತದ ರಾಯಭಾರ ಕಚೇರಿಯ ಮೂಲಕ ಪಾಸ್‌ಪೋರ್ಟ್ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಒಸಿಐ ಅರ್ಜಿ ಅದಾದ ಮೇಲೆ. ಥಾಯ್ ಪಾಸ್‌ಪೋರ್ಟ್ ಬರುವವರೆಗೆ ಊರಿಗೆ ಹೋಗುವ ಯೋಚನೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದವರಿಗೆ ಈ ನಡುವಿನ ವಾರಗಳೇ ಭಯ.

ಒಸಿಐ ಇದ್ದರೆ ಎಲ್ಲ ಇದ್ದ ಹಾಗೆ ಅಂತ ಕೆಲವರು ತಿಳಿದಿದ್ದಾರೆ. ಜೀವನಪೂರ್ತಿ ವೀಸಾ ಹೌದು, ಮತದಾನ ಇಲ್ಲ, ಸರ್ಕಾರಿ ನೌಕರಿ ಇಲ್ಲ. ನಮ್ಮ ಕಡೆಯವರಿಗೆ ಚುಚ್ಚುವುದು ಜಮೀನು. ಸೈಟು, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿದ್ದು ಇವರಿಗೆ ಉಪಯೋಗಕ್ಕೆ ಬರುವುದಿಲ್ಲ, ಅಡ್ಡ ಇರುವುದು ಕೇಂದ್ರದ ವಿದೇಶಿ ವಿನಿಮಯದ ನಿಯಮ. ಚಿಕ್ಕಮಗಳೂರಿನ ಕಾಫಿ ತೋಟ ಅಪ್ಪನಿಂದ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ಎರಡು ಎಕರೆಯನ್ನು ಕೊಂಡು ಸೇರಿಸಿಕೊಳ್ಳಲು ಆಗುವುದಿಲ್ಲ. ಇದರ ಮೇಲೆ ಥಾಯ್ ಹೆಸರನ್ನೂ ಇಟ್ಟುಕೊಂಡಿದ್ದರೆ ಮುಗಿಯಿತು. ಪಹಣಿಗೆ ಹೆಸರು ಸೇರಿಸಲು ಹೋದಾಗ ವಂಶವೃಕ್ಷದಲ್ಲಿರುವ ಮಗನೂ ಥಾಯ್ ಪಾಸ್‌ಪೋರ್ಟಲ್ಲಿರುವ ಈ ಮನುಷ್ಯನೂ ಒಬ್ಬನೇ ಅಂತ ತಾಲ್ಲೂಕು ಕಚೇರಿಯಲ್ಲಿ ಸಾಬೀತು ಮಾಡಬೇಕು. ಹೆಸರು ಬದಲಾವಣೆಯ ಥಾಯ್ ಪ್ರಮಾಣಪತ್ರ, ಅದರ ಅನುವಾದ, ಅಫಿಡವಿಟ್ಟು, ಎಲ್ಲವನ್ನೂ ಮೊದಲೇ ದೃಢೀಕರಿಸಿ ಇಟ್ಟುಕೊಂಡರೆ ಅಷ್ಟರಮಟ್ಟಿಗೆ ಅಲೆದಾಟ ಕಡಿಮೆ.

ಮಕ್ಕಳ ಓದಿನ ಲೆಕ್ಕವನ್ನೂ ಹಾಕಬೇಕು. 2021ರ ಮಾರ್ಚ್ 4ರ ಅಧಿಸೂಚನೆ ಬಂದ ಮೇಲೆ ಒಸಿಐ ಮಕ್ಕಳಿಗೆ ವೈದ್ಯಕೀಯದಂಥ ಕೋರ್ಸುಗಳಲ್ಲಿ ಅನಿವಾಸಿ ಕೋಟಾದ ಸೀಟು ಮಾತ್ರ. ಅದಕ್ಕೂ ಮುಂಚೆ ಒಸಿಐ ಆಗಿದ್ದವರಿಗೆ ಹಳೇ ಹಕ್ಕು ಉಳಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಈಗ ಹೊಸದಾಗಿ ಥಾಯ್ ಆಗಿ ಮಕ್ಕಳಿಗೆ ಒಸಿಐ ಮಾಡಿಸುವವರಿಗೆ ಆ ರಕ್ಷಣೆ ಇಲ್ಲ.

ಭಾರತೀಯರಿಗೂ ಎರಡು ಪೌರತ್ವದಂಥದ್ದು ಕಾಣುವುದು ಒಂದೇ ಕಡೆ, ಥಾಯ್-ಭಾರತೀಯ ದಂಪತಿಯ ಚಿಕ್ಕ ಮಕ್ಕಳಲ್ಲಿ. ತಾಯಿಯೋ ತಂದೆಯೋ ಥಾಯ್ ಆಗಿದ್ದರೆ ಮಗು ಹುಟ್ಟಿನಿಂದಲೇ ಥಾಯ್. ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿದರೆ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಟ್ಟರೆ, ಭಾರತದ ಪೌರತ್ವವೂ ಸಿಗುತ್ತದೆ. ಆದರೆ ಮಗುವಿಗೆ 18 ತುಂಬಿದ ಮೇಲೆ ಆರು ತಿಂಗಳೊಳಗೆ ಥಾಯ್ ರಾಷ್ಟ್ರೀಯತೆ ಬಿಡಬೇಕು, ಬಿಡದಿದ್ದರೆ ಭಾರತದ್ದು ತಾನಾಗಿ ಹೋಗುತ್ತದೆ. ಹುಡುಗನಾದರೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. 21ಕ್ಕೆ ಬಂದ ಥಾಯ್ ಹುಡುಗರನ್ನು ಏಪ್ರಿಲ್‌ನಲ್ಲಿ ಸೇನೆಗೆ ಕರೆಯುತ್ತಾರೆ. ಬೇಕಾದಷ್ಟು ಜನ ತಾವಾಗಿ ಸೇರದಿದ್ದರೆ ಚೀಟಿ ಎತ್ತಿಸುತ್ತಾರೆ, ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಸೇನೆಗೆ. ಹೈಸ್ಕೂಲಿನಲ್ಲಿ ಮೂರು ವರ್ಷದ ಮೀಸಲು ಪಡೆಯ ತರಬೇತಿ ಮುಗಿಸಿದವರಿಗೆ ಆ ಚೀಟಿಯಿಂದ ವಿನಾಯಿತಿ ಇದೆ. ತರಬೇತಿ ಶುರುವಾಗುವುದು ಹದಿನೈದು ಹದಿನಾರರ ಹೊತ್ತಿಗೆ. ಅಂದರೆ ಯಾವ ದೇಶದ ಪೌರತ್ವ ಉಳಿಸಿಕೊಳ್ಳುವುದು ಅಂತ ಕಾನೂನು ಕೇಳುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಆ ಮನೆಯಲ್ಲಿ ಅಪ್ಪ, ಅಮ್ಮ, ಮಗ ಕೂತು ಮಾತಾಡಿರಬೇಕು.